ಏಳನೇ ತರಗತಿಯ ಮನೆಗಳಿಗೆ

ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರ ಏಳನೇ ತರಗತಿಯ ಎಲ್ಲ ಮಕ್ಕಳ ಕೈಗೂ ಒಂದು ಹಾಳೆ ಬರುತ್ತಿತ್ತು. ವರ್ಷವಿಡೀ ಇಂಗ್ಲಿಷ್ ತರಗತಿಯಲ್ಲಿ ಏನೇನು ನಡೆಯುತ್ತದೆ ಎಂದು ಮನೆಯವರಿಗೆ ತಿಳಿಸುವ ಹಾಳೆ. ಒಂದೂವರೆ ಪುಟ, ಪೂರ್ತಿ ಇಂಗ್ಲಿಷಿನಲ್ಲಿ, ಕೆಳಗೆ ಹೆಡ್ಮಾಸ್ಟರ ಸಹಿ, ಪಕ್ಕದಲ್ಲಿ ನೇರಳೆ ಬಣ್ಣದ ಮೊಹರು. ಹನ್ನೆರಡು ವರ್ಷದಲ್ಲಿ ಅದರಲ್ಲಿ ಬದಲಾದದ್ದು ಇಸವಿ ಒಂದೇ. ಮೂರನೆಯ ಸಾಲಿನಲ್ಲಿದ್ದ ಅಕ್ಷರದ ತಪ್ಪು ಕೂಡ ಅಷ್ಟೂ ವರ್ಷ ಯಾವ ತೊಂದರೆಯೂ ಇಲ್ಲದೆ ಸುಖವಾಗಿ ಬಾಳಿಕೊಂಡು ಬಂದಿತ್ತು.

ಅದನ್ನು ಹಂಚುತ್ತಿದ್ದವಳು ಇಂಗ್ಲಿಷ್ ಟೀಚರ್. ವಯಸ್ಸು ಐವತ್ತೆರಡು. ಮಕ್ಕಳು ಬೆನ್ನ ಹಿಂದೆ ಆಕೆಯನ್ನು 'ಫುಲ್‌ಸ್ಟಾಪ್ ಟೀಚರ್' ಎನ್ನುತ್ತಿದ್ದರು. ವಾಕ್ಯ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಚುಕ್ಕಿ ಇಲ್ಲದಿದ್ದರೆ ಆಕೆ ನೋಟ್‌ಬುಕ್ಕನ್ನು ತಿದ್ದದೆ ವಾಪಸ್ ಕೊಡುತ್ತಿದ್ದಳು. ಈ ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬೇಜಾರೇನೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಹೆಸರು ಪಡೆದವರು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟಿದ್ದರು.

ಆ ವರ್ಷ ಹಾಳೆ ಹಂಚಿದ ಮಾರನೆಯ ದಿನ, ಯಾಕೆ ಅನ್ನಿಸಿತೋ ಏನೋ, ಹಾಜರಿ ಮುಗಿಸಿದವಳೇ ಕೇಳಿದಳು: "ನಿನ್ನೆ ಕೊಟ್ಟ ಹಾಳೆ ಮನೇಲಿ ಯಾರ್ ಯಾರು ಓದಿದ್ರು?"

ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಒಂದು ಕೈಯೂ ಮೇಲೇಳಲಿಲ್ಲ.

"ಹಾಗಾದ್ರೆ ಅದನ್ನ ಏನ್ ಮಾಡಿದ್ರು?"

ಈಗ ಕೈಗಳು ಎದ್ದವು. ಒಬ್ಬಳ ಮನೆಯಲ್ಲಿ ಕಪಾಟಿನೊಳಗೆ ಹಾಸಿದ್ದರು. ಇನ್ನೊಬ್ಬನ ತಂಗಿ ಅದರ ಹಿಂದುಗಡೆ ಕುದುರೆ ಬರೆದಿದ್ದಳು, ಕಾಲು ಆರು ಬಂದಿದ್ದವಂತೆ. ಸಿಟಿ ಬಸ್ಸಿನ ಡ್ರೈವರನ ಮಗಳು ಎದ್ದು ನಿಂತು, "ನಮ್ಮಪ್ಪನ ಬಸ್ಸಲ್ಲಿ ಒಂದು ಕಿಟಕಿ ಗಡಗಡ ಅಂತಿತ್ತು ಟೀಚರ್. ಹಾಳೆ ಮಡಿಚಿ ಸಂದಿಗೆ ಸಿಕ್ಸಿದಾರೆ. ಈಗ ಸದ್ದೇ ಇಲ್ಲ" ಎಂದಳು.

"ಅಂತೂ ಒಬ್ರಿಗಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದು ಟೀಚರ್ ನಕ್ಕಳು. ಮಕ್ಕಳೂ ನಕ್ಕರು. ಆದರೆ ಮಧ್ಯಾಹ್ನ ಆಕೆ ಕುಳಿತು ಲೆಕ್ಕ ಹಾಕಿದಳು. ಹನ್ನೆರಡು ವರ್ಷ, ವರ್ಷಕ್ಕೆ ನಲವತ್ತು ಮನೆ. ಅಷ್ಟು ಮನೆಗಳಿಗೂ ತಾನು ಏನನ್ನೂ ಹೇಳಿಯೇ ಇರಲಿಲ್ಲ.

ಅದೇ ವಾರ ಆಕೆ ಇನ್ನೊಂದು ಕೆಲಸ ಮಾಡಿದಳು. ದೋಣಿಯಲ್ಲಿ ನಿದ್ದೆ ಹೋಗಿ ಆಚೆ ದಡಕ್ಕೆ ಹೋಗಿಬಿಟ್ಟ ಒಂದು ನಾಯಿಯ ಕಥೆಯನ್ನು ಹತ್ತೇ ಸಾಲಿನಲ್ಲಿ, ಸುಲಭದ ಇಂಗ್ಲಿಷಿನಲ್ಲಿ ತಾನೇ ಬರೆದಳು. ಯಾವ ಪುಸ್ತಕದಲ್ಲೂ ಇಲ್ಲದ ಕಥೆ. ವರಾಂಡದಲ್ಲಿ ಒಂದು ಮೇಜು ಹಾಕಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸಿದಳು.

ಕಿಟಕಿ ಪಕ್ಕದ ಮೂಲೆ ಬೆಂಚು ಬಿಟ್ಟು ಏಳದ ಹುಡುಗಿ ಒಬ್ಬಳಿದ್ದಳು. ಗೆಳತಿಯರು ಅವಳನ್ನು 'ಮೂಲೆರಾಣಿ' ಎನ್ನುತ್ತಿದ್ದರು. ತರಗತಿಯಲ್ಲಿ ಪಾಠ ಓದಲು ಹೇಳಿದರೆ ಪಟಪಟ ಓದುವವಳು. ಅವಳು ಮೇಜಿನ ಮುಂದೆ ನಿಂತು ಹಾಳೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಕಿವಿ ಕೆಂಪಾಯಿತು.

"ಓದಮ್ಮ."

"ಯಾರಾದ್ರೂ ಒಂದ್ಸಲ ಓದಿ ತೋರಿಸ್ತಾರಾ ಟೀಚರ್?"

ಟೀಚರಿಗೆ ಎಲ್ಲ ಅರ್ಥವಾಯಿತು. ಈ ಹುಡುಗಿ ಆರು ವರ್ಷ ಓದಿಯೇ ಇರಲಿಲ್ಲ. ಬೇರೆಯವರು ಓದಿದ್ದನ್ನು ಮೈಯೆಲ್ಲ ಕಿವಿಯಾಗಿ ಕೇಳಿ, ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಒಪ್ಪಿಸಿದ್ದಳು. ಅಷ್ಟು ಜಾಣತನ ಇದ್ದ ಮಗು, ಮೊದಲ ಪದದ ಮುಂದೆಯೇ ಗೋಡೆಗೆ ಬಂದು ನಿಂತ ಹಾಗೆ ನಿಂತಿತ್ತು.

ಸಂಜೆ ಎಣಿಸಿದಾಗ ನಲವತ್ತೊಂದರಲ್ಲಿ ಹದಿನೇಳು ಮಕ್ಕಳಿಗೆ ಆ ಹತ್ತು ಸಾಲು ಓದಲು ಬಂದಿರಲಿಲ್ಲ.

ಟೀಚರ್ ಇದ್ದದ್ದು ಅಕ್ಕನ ಜೊತೆ. ಇಬ್ಬರದೇ ಮನೆ. ಅಕ್ಕ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು. ಲಕೋಟೆ ಮುಟ್ಟಿ ನೋಡಿಯೇ ಒಳಗಿರುವುದು ಸಿಹಿಯೋ ಕಹಿಯೋ ಹೇಳುತ್ತೇನೆ ಎನ್ನುವವಳು, ನಾಲಿಗೆ ಮಾತ್ರ ಸ್ವಲ್ಪ ಹರಿತ. ಆ ಸಂಜೆ ತಂಗಿ ಒಂದು ಪತ್ರ ಬರೆದು ತೋರಿಸಿದಳು. ಮನೆಮಾತಿನಲ್ಲೇ ಬರೆದಿದ್ದಳು. ಅಕ್ಕ ಕನ್ನಡಕ ಏರಿಸಿ ಓದಿ, ಹಾಳೆಯನ್ನು ಮೇಜಿನ ಮೇಲೆ ಹಾಕಿದಳು.

"ಇದು ಪತ್ರ ಅಲ್ಲ ಕಣೇ, ಗೋಡೆ ಮೇಲೆ ಅಂಟಿಸೋ ನೋಟಿಸು. 'ಪೋಷಕರು ಸಹಕರಿಸತಕ್ಕದ್ದು' ಅಂತೆ! ಯಾರೇ ಅವ್ರು ಪೋಷಕರು? ನಿನಗೆ ಯಾರಾದ್ರೂ ಹೀಗೆ ಬರೆದ್ರೆ ಎರಡನೇ ಸಾಲು ಓದ್ತಿದ್ಯಾ?"

"ಮತ್ತೆ ಹೇಗೆ ಬರೀಲಿ?"

"ಎದುರಿಗೆ ಕೂತಿದಾರೆ ಅಂದ್ಕೊಂಡು ಬರಿ. ಕೆಳಗೆ ನಾಲ್ಕು ಗೆರೆ ಖಾಲಿ ಬಿಡು. ಉತ್ತರ ಬರೆಯೋಕೆ ಜಾಗ ಇಲ್ಲದ ಕಾಗದ ಅಂದ್ರೆ ಬೈಗುಳ ಇದ್ದ ಹಾಗೆ."

ಹಾಗೆ ಹುಟ್ಟಿತು ಮೊದಲ ಪತ್ರ. ಪ್ರತಿ ಶುಕ್ರವಾರ ಮಕ್ಕಳ ಕೈಯಲ್ಲಿ ಮನೆಗೆ ಹೋಗುತ್ತಿದ್ದ ಪತ್ರ 'ಏಳನೇ ತರಗತಿಯ ಮನೆಗಳಿಗೆ' ಎಂದು ಶುರುವಾಗುತ್ತಿತ್ತು. ಈ ವಾರ ಏನು ಓದಿದೆವು, ಯಾವ ಮಾತಿಗೆ ನಕ್ಕೆವು, ಯಾವುದು ತಲೆಗೆ ಹತ್ತಲಿಲ್ಲ. ಆಮೇಲೆ ಹೀಗಿತ್ತು: ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು ಓದಿಸಿ. ನಿಂತರೆ ಬೈಯಬೇಡಿ. ಓದಿದ ಮೇಲೆ ಏನಾಯಿತು ಆ ಕಥೆಯಲ್ಲಿ ಎಂದು ಕೇಳಿ. ಅಷ್ಟು ಸಾಕು. ಮೂರನೆಯ ಶುಕ್ರವಾರದ ಪತ್ರದಲ್ಲಿ ಆಕೆ ಯಾರ ಹೆಸರೂ ಇಲ್ಲದೆ ಸಂಖ್ಯೆ ಬರೆದಳು. ನಮ್ಮ ತರಗತಿಯಲ್ಲಿ ಹದಿನೇಳು ಮಕ್ಕಳಿಗೆ ಇನ್ನೂ ಓದಲು ಬರುವುದಿಲ್ಲ. ವರ್ಷ ಮುಗಿಯುವುದರೊಳಗೆ ಬರಬೇಕು. ಯಾವ ಮಕ್ಕಳು ಎಂಬುದನ್ನು ಆ ಹದಿನೇಳು ಮನೆಗಳಿಗೆ ಮಾತ್ರ, ಬೇರೆ ಚೀಟಿಯಲ್ಲಿ, ಮುಚ್ಚಿದ ಲಕೋಟೆಯಲ್ಲಿ ತಿಳಿಸಿದಳು.

ಸೋಮವಾರ ಮೊದಲ ಪೀರಿಯಡ್ಡಿಗೆ ಮುಂಚೆ ಮೂಲೆರಾಣಿಯ ತಾಯಿ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಅವಳದು. ಹಬೆಯ ಮುಂದೆ ನಿಂತು ನಿಂತು ಕೈಗಳು ಮೊಣಕೈವರೆಗೂ ಬೇರೆಯದೇ ಬಣ್ಣಕ್ಕೆ ತಿರುಗಿದ್ದವು. ಲಕೋಟೆಯನ್ನು ಟೀಚರ ಮೇಜಿನ ಮೇಲೆ ಬಡಿದಳು.

"ಏನ್ ಮೇಡಂ ಇದು? ನನ್ನ ಮಗಳಿಗೆ ಓದೋಕೆ ಬರಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತೀರಾ?"

"ಊರಿಗೆ ಹೇಳಿಲ್ಲಮ್ಮ. ನಿಮಗೊಬ್ರಿಗೇ ಹೇಳಿದೀನಿ."

"ಆರು ವರ್ಷ ಪ್ರೋಗ್ರೆಸ್ ಕಾರ್ಡಲ್ಲಿ 'ಗುಡ್' ಅಂತ ಬರೆದ್ರು. ಒಂದ್ಸಲ 'ವೆರಿ ಗುಡ್' ಅಂತಾನೂ ಬರೆದ್ರು. ಅದಿಷ್ಟನ್ನೂ ಕವರಲ್ಲಿ ಹಾಕಿ ಬೀರುವಲ್ಲಿ ಇಟ್ಟಿದೀನಿ. ಹಂಗಾದ್ರೆ ಅವರೆಲ್ಲ ಸುಳ್ಳು ಹೇಳಿದ್ರಾ?"

ಟೀಚರ್ ಲಕೋಟೆಯನ್ನು ಪಕ್ಕಕ್ಕೆ ಸರಿಸಿದಳು. ಸಹೋದ್ಯೋಗಿಗಳ ಮೇಲೆ ಹಾಗೆ ಹೇಳುವುದು ಸರಿಯೇ? ಅಡ್ಡಮಾತಾಡಿ ತಪ್ಪಿಸಿಕೊಳ್ಳಬಹುದಿತ್ತು. ಆಕೆ ತಪ್ಪಿಸಿಕೊಳ್ಳಲಿಲ್ಲ.

"ಹೌದು" ಎಂದಳು. "ಸುಳ್ಳು ಹೇಳಿದ್ರು. ಹೋದ ವರ್ಷದ ಮಕ್ಕಳಿಗೆ ನಾನೂ ಹೇಳಿದ್ದೆ."

ತಾಯಿ ಕುರ್ಚಿ ಎಳೆದು ಕುಳಿತಳು. ತನ್ನ ಕೈಗಳನ್ನೇ ನೋಡಿಕೊಂಡಳು.

"ನನಗೆ ಅನುಮಾನ ಇತ್ತು ಮೇಡಂ. ಔಷಧಿ ಚೀಟಿ ಕೊಟ್ಟು ಓದು ಅಂದ್ರೆ ಬಾತ್‌ರೂಮಿಗೆ ಓಡ್ತಿದ್ಲು. 'ಗುಡ್' ಅಂತ ಬರೆದಿದಾರಲ್ಲ ಅಂತ ನನ್ನ ಬಾಯಿ ನಾನೇ ಮುಚ್ಚಿಕೊಂಡೆ." ಆಮೇಲೆ ಎದ್ದಳು. "ಹತ್ತು ನಿಮಿಷ ಅಂದ್ರಲ್ಲ. ನನ್ನ ಶಿಫ್ಟ್ ಸಂಜೆ ಆರಕ್ಕೆ ಮುಗಿಯುತ್ತೆ. ಅವಳನ್ನ ಲಾಂಡ್ರಿಗೇ ಕರೆಸ್ಕೊಳ್ತೀನಿ. ಮನೆಗೆ ಹೋದ್ರೆ ನೂರೆಂಟು ಕೆಲಸ."

ಆ ಶುಕ್ರವಾರದ ಪತ್ರದ ಕೆಳಗಿನ ಖಾಲಿ ಗೆರೆಗಳಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಉತ್ತರ ಬಂತು: 'ಓದಿದಳು. ಎಂಟು ನಿಮಿಷ. ಅತ್ತಳು. ನಾನೂ.'

ಟೀಚರ್ ಅದನ್ನು ಅಕ್ಕನಿಗೆ ತೋರಿಸಿದಳು. ಅಕ್ಕ ಏನೂ ಟೀಕೆ ಮಾಡಲಿಲ್ಲ. ಅದೇ ಒಂದು ವಿಶೇಷ.

ಅದೇ ಸಂಖ್ಯೆ ಮತ್ತೆ ಇದ್ದ ಐದನೆಯ ಪತ್ರ ಹೆಡ್ಮಾಸ್ಟರ ಕೈ ಸೇರಿತು. ಅವರು ಟೀಚರನ್ನು ಕರೆಸಿದರು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ವಾರ್ಷಿಕೋತ್ಸವಗಳ ಫೋಟೊ, ಗಾಜಿನ ಮೇಲೆ ಪತ್ರ.

"ಏನ್ ಮೇಡಂ ಇದು? ಇಂಗ್ಲಿಷ್ ಕ್ಲಾಸಿನ ಪತ್ರ ಮನೆಮಾತಲ್ಲಿ? ನೋಡಿದವರು ಟೀಚರಿಗೇ ಇಂಗ್ಲಿಷ್ ಬರಲ್ಲ ಅನ್ನಲ್ವಾ?"

"ಅನ್ನಲಿ ಸರ್. ಓದಿ ಆಮೇಲೆ ಅನ್ನಲಿ. ಇಷ್ಟು ವರ್ಷ ಓದದೇನೇ ಸುಮ್ಮನಿದ್ರು."

"ಅದು ಹೋಗ್ಲಿ. ಈ ಹದಿನೇಳು ಏನು? ಇದನ್ನ ಮನೆಮನೆಗೆ ಬರೆದು ಕಳಿಸೋ ಅಗತ್ಯ ಏನಿತ್ತು?" ಅವರು ಕಿಟಕಿಯ ಕಡೆ ಕೈ ತೋರಿಸಿದರು. ರಸ್ತೆಯಾಚೆ ನೀಲಿ ಗಾಜಿನ ಹೊಸ ಶಾಲೆ ಎದ್ದು ನಿಂತಿತ್ತು. "ಹೋದ ವರ್ಷ ಮೂವತ್ತು ಮಕ್ಕಳು ಅಲ್ಲಿಗೆ ಹೋದ್ರು. ಇನ್ನೊಂದು ಇಪ್ಪತ್ತು ಮಕ್ಕಳು ಹೋದ್ರೆ ಇಲ್ಲಿಗೆ ಬೀಗ ಬೀಳುತ್ತೆ. ನಿಮ್ಮ ಈ ಒಂದು ಸಾಲು ಸಾಕು ಅದಕ್ಕೆ."

ಅವರ ಹೆದರಿಕೆ ನಾಟಕವಲ್ಲ ಎಂದು ಆಕೆಗೆ ಗೊತ್ತಿತ್ತು. ರಜೆಯ ದಿನವೂ ಬಂದು ಮುರಿದ ಬೆಂಚುಗಳಿಗೆ ಮೊಳೆ ಹೊಡೆಸುವ ಮನುಷ್ಯ ಅವರು. ಅದೇ ಆಕೆಯನ್ನು ಹೆಚ್ಚು ಕೆಣಕಿತು. ಬೆಂಚು ಮುರಿದದ್ದು ಕಣ್ಣಿಗೆ ಬೀಳುವ ಮನುಷ್ಯನಿಗೆ ಮಗು ಎಡವಿದ್ದು ಯಾಕೆ ಕಾಣಬಾರದು?

"ಮಕ್ಕಳಿಗೆ ಓದೋಕೆ ಬರದೇ ಇದ್ರೆ ಶಾಲೆಗೆ ಏನೂ ಆಗಲ್ಲ. ಬರಲ್ಲ ಅಂತ ಅಪ್ಪ ಅಮ್ಮನಿಗೆ ಗೊತ್ತಾದ್ರೆ ಬೀಗ ಬೀಳುತ್ತೆ. ಹೀಗೇನಾ ಸರ್?"

"ಲೋಕ ನಡೆಯೋದೇ ಹಾಗೆ ಮೇಡಂ."

"ಹಾಗಾದ್ರೆ ಅದು ನನ್ನ ಕ್ಲಾಸಿನ ಹೊರಗೆ ನಡೀಲಿ."

ಹೆಡ್ಮಾಸ್ಟರು ಮುಖ ಗಂಟಿಕ್ಕಿದರು. ಇನ್ನು ಮುಂದೆ ಟೀಚರುಗಳು ಬರೆದ ಯಾವ ಹಾಳೆಯೂ ಆಫೀಸಿನ ಮೊಹರಿಲ್ಲದೆ ಗೇಟು ದಾಟಕೂಡದು ಎಂದು ಅಂದೇ ಸುತ್ತೋಲೆ ಹೊರಟಿತು. ಜೆರಾಕ್ಸ್ ಯಂತ್ರದ ಕೋಣೆಯ ಬೀಗದ ಕೈ ಅವರ ಡ್ರಾಯರು ಸೇರಿತು.

ಟೀಚರ್ ಸುತ್ತೋಲೆಗೆ ಸಹಿ ಹಾಕಿದಳು. "ಆಯ್ತು ಸರ್. ನಾನು ಇನ್ಮೇಲೆ ಪತ್ರ ಬರೆಯಲ್ಲ" ಎಂದಳು. ಇಷ್ಟು ಸುಲಭಕ್ಕೆ ಬಗ್ಗಿದಳಲ್ಲ ಎಂದು ಹೆಡ್ಮಾಸ್ಟರಿಗೇ ಆಶ್ಚರ್ಯವಾಯಿತು.

ಆ ಶುಕ್ರವಾರ ಕೊನೆಯ ಪೀರಿಯಡ್. ಟೀಚರ್ ಬೋರ್ಡ್ ಒರೆಸಿ, ಚಾಕ್‌ಪೀಸ್ ಹಿಡಿದು ಮಕ್ಕಳ ಕಡೆ ತಿರುಗಿದಳು.

"ಈ ವಾರ ನಾವು ಏನ್ ಮಾಡಿದ್ವಿ? ಒಬ್ಬೊಬ್ರೂ ಒಂದೊಂದು ವಾಕ್ಯ ಹೇಳಿ. ಇಂಗ್ಲಿಷಲ್ಲಿ."

ಮಕ್ಕಳು ಹೇಳಿದರು, ಆಕೆ ಬರೆದಳು, ತಪ್ಪನ್ನು ಎಲ್ಲರೂ ಸೇರಿ ತಿದ್ದಿದರು. ಹಿಂದಿನ ಬೆಂಚಿನ ಒಬ್ಬ ತುಂಟ, ಟೀಚರಿಗೆ ಮಂಗಳವಾರ ಕೋಪ ಬಂದಿತ್ತು ಎಂದು ಬರೆಸಬಹುದೇ ಎಂದು ಕೇಳಿದ.

"ಮಂಗಳವಾರ ಮಾತ್ರನಾ?"

"ಬುಧವಾರಾನೂ ಟೀಚರ್. ಆದ್ರೆ ಸ್ಪೆಲಿಂಗ್ ಕಷ್ಟ."

ಬುಧವಾರದ ಸ್ಪೆಲಿಂಗನ್ನು ಆ ದಿನ ನಲವತ್ತೊಂದು ಮಕ್ಕಳೂ ಕಲಿತರು. ಬೋರ್ಡ್ ತುಂಬಿದ ಮೇಲೆ ಆಕೆ ಹೇಳಿದಳು: "ಇದನ್ನ ನಿಮ್ಮ ನೋಟ್‌ಬುಕ್ಕಿನ ಹಾಳೇಲಿ ಬರ್ಕೊಳ್ಳಿ. ಅದರ ಕೆಳಗೆ, ನಿಮ್ಮ ಮನೆಯವರಿಗೆ ಅರ್ಥ ಆಗೋ ಹಾಗೆ ನಿಮ್ಮ ಮಾತಲ್ಲೇ ಬರೀರಿ. ಅಮ್ಮನಿಗೋ, ಅಪ್ಪನಿಗೋ, ಅಜ್ಜಿಗೋ, ಯಾರಿಗೆ ಬೇಕಾದ್ರೂ. ಕೊನೆಗೆ ನಾಲ್ಕು ಗೆರೆ ಖಾಲಿ ಬಿಡಿ."

ಓದಲು ಬಾರದವರು ಓದಬಲ್ಲವರ ಪಕ್ಕ ಕುಳಿತರು. ತಾವೇ ಬಾಯಿಬಿಟ್ಟು ಹೇಳಿದ ವಾಕ್ಯ ಬೋರ್ಡಿನ ಮೇಲೆ ಇದ್ದದ್ದರಿಂದ ಅದು ಅವರಿಗೆ ಅಷ್ಟೇನೂ ಪರಕೀಯವಾಗಿ ಕಾಣಲಿಲ್ಲ. ಮೂಲೆರಾಣಿ ತಾನು ಹೇಳಿದ ಐದು ಪದದ ಸಾಲನ್ನು ಹುಡುಕಿ, ಬೆರಳಿಟ್ಟು, ತುಟಿ ಅಲ್ಲಾಡಿಸಿ ಓದಿಕೊಂಡಳು. ಅದು ಬಾಯಿಪಾಠವೋ ಓದೋ ಟೀಚರಿಗೆ ಗೊತ್ತಾಗಲಿಲ್ಲ. ಎರಡರ ನಡುವೆ ಎಲ್ಲೋ ಇತ್ತು.

ಮುಂದಿನ ವಾರವೇ ಹೆಡ್ಮಾಸ್ಟರು ಬಾಗಿಲಲ್ಲಿ ನಿಂತರು. "ಪತ್ರ ಬರೆಯಲ್ಲ ಅಂದಿದ್ರಿ."

"ನಾನೆಲ್ಲಿ ಬರೆದೆ ಸರ್? ಮಕ್ಕಳು ಅವರ ಅಮ್ಮಂದಿರಿಗೆ ಬರೀತಿದಾರೆ. ಅದಕ್ಕೂ ಮೊಹರು ಹಾಕಿಸಬೇಕಾ?"

ನಲವತ್ತೊಂದು ಜೊತೆ ಕಣ್ಣುಗಳು ಹೆಡ್ಮಾಸ್ಟರ ಮೇಲೆ ನೆಟ್ಟಿದ್ದವು. ಅವರು ಬಂದ ದಾರಿಯಲ್ಲೇ ಹೊರಟುಹೋದರು.

ಅರ್ಧ ವರ್ಷ ಕಳೆಯುವ ಹೊತ್ತಿಗೆ ಆ ಶುಕ್ರವಾರದ ಪೀರಿಯಡ್ ಉಳಿದೆಲ್ಲ ಪೀರಿಯಡ್ಡುಗಳನ್ನು ಮೀರಿಸಿತ್ತು. ಮನೆಗೆ ಬರೆಯಬೇಕಲ್ಲ ಎಂಬ ಕಾರಣಕ್ಕೆ ಮಕ್ಕಳಿಗೆ ಪದಗಳು ಬೇಕಾದವು. ಬಸ್ ಡ್ರೈವರ್ ತನ್ನ ಪಾಳಿ ಮುಗಿಸಿ ಡಿಪೋದಲ್ಲಿ ಕುಳಿತು ಉತ್ತರ ಬರೆಯುತ್ತಿದ್ದ. ಒಮ್ಮೆ, 'ನನ್ನ ಬಸ್ಸಿನ ಮೇಲೆ ಇಂಗ್ಲಿಷಲ್ಲಿ ಏನು ಬರೆದಿದೆ ಅಂತ ಹದಿನಾಲ್ಕು ವರ್ಷ ಆದ್ಮೇಲೆ ಮಗಳು ಓದಿ ಹೇಳಿದಳು. ತುರ್ತು ಬಾಗಿಲು ಅಂತೆ. ನಾನು ಕಂಪನಿ ಹೆಸರು ಅಂದುಕೊಂಡಿದ್ದೆ' ಎಂದು ಬರೆದ. ಟೀಚರ್ ತಿಂಗಳಿಗೊಮ್ಮೆ ವರಾಂಡದ ಮೇಜಿನಲ್ಲಿ ಹೊಸ ಹತ್ತು ಸಾಲು ಓದಿಸುತ್ತಿದ್ದಳು, ಓದಲು ಬಾರದವರ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಅದು ಪತ್ರದಲ್ಲಿ ಮನೆಗೆ ಹೋಗುತ್ತಿತ್ತು. ಹದಿನೇಳು ಹದಿನಾಲ್ಕಾಯಿತು, ಹನ್ನೊಂದಾಯಿತು. ಅಲ್ಲೇ ನಿಂತಿತು.

ಆಗ ಬಂತು ಅರ್ಧವಾರ್ಷಿಕ ಪೋಷಕರ ಸಭೆ. ಸಭಾಂಗಣದ ತುಂಬ ಪ್ಲಾಸ್ಟಿಕ್ ಕುರ್ಚಿ, ಮುಂದೆ ಪರದೆ. ಮೊದಲ ಸಾಲಿನಲ್ಲಿ ಆಡಳಿತ ಮಂಡಳಿಯವರು ಕುಳಿತಿದ್ದರು. ಟೀಚರುಗಳು ಗೋಡೆಗೆ ಒರಗಿ ನಿಂತಿದ್ದರು. ಹೆಡ್ಮಾಸ್ಟರು ಪರದೆಯ ಮೇಲೆ ಬಣ್ಣ ಬಣ್ಣದ ಚಿತ್ರ ತೋರಿಸುತ್ತಾ ಹೋದರು. ಏಳನೇ ತರಗತಿ, ಇಂಗ್ಲಿಷ್ ಓದು: ನೂರಕ್ಕೆ ನೂರು.

ಟೀಚರ್ ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಆಕೆಗಿಂತ ಮೊದಲು ಕುರ್ಚಿಯೊಂದು ಸರಿದ ಸದ್ದಾಯಿತು. ಖಾಕಿ ಯೂನಿಫಾರ್ಮಿನ ಬಸ್ ಡ್ರೈವರ್ ಎದ್ದಿದ್ದ.

"ಒಂದು ಪ್ರಶ್ನೆ ಸರ್. ಹೋದ ವಾರ ನನ್ನ ಮಗಳು ಬರೆದ ಕಾಗದದಲ್ಲಿ ಹನ್ನೊಂದು ಮಕ್ಕಳಿಗೆ ಇನ್ನೂ ಓದೋಕೆ ಬರಲ್ಲ ಅಂತಿದೆ. ನೀವು ಎಲ್ಲರಿಗೂ ಬರುತ್ತೆ ಅಂತೀರಿ. ಶುಕ್ರವಾರದಿಂದ ಇವತ್ತಿಗೆ ಅಷ್ಟೂ ಜನ ಕಲ್ತುಬಿಟ್ರಾ?"

ಅಲ್ಲಲ್ಲಿ ನಗು ಎದ್ದಿತು. ಹೆಡ್ಮಾಸ್ಟರು ನಗಲು ನೋಡಿದರು. "ಅದೂ... ಮಕ್ಕಳು ಏನೋ ಬರ್ಕೊಂಡಿರ್ತಾರೆ. ಇದು ಶಾಲೆಯ ಅಧಿಕೃತ ಅಂಕಿ ಅಂಶ."

ಆಗ ಹಿಂದಿನ ಸಾಲಿನಲ್ಲಿ ಲಾಂಡ್ರಿಯ ತಾಯಿ ಎದ್ದಳು. ಶಿಫ್ಟಿನ ಮಧ್ಯೆ ಅರ್ಧ ಗಂಟೆ ಬಿಡುವು ಕೇಳಿ ಬಂದಿದ್ದಳು, ಏಪ್ರನ್ನು ಬಿಚ್ಚಿರಲಿಲ್ಲ.

"ಸರ್, ಆ ಹನ್ನೊಂದರಲ್ಲಿ ನನ್ನ ಮಗಳೂ ಒಬ್ಬಳು."

ಟೀಚರ್ ತಿರುಗಿ ನೋಡಿದಳು. ಯಾರ ಹೆಸರೂ ಹೊರಬೀಳಬಾರದು ಎಂದು ಆರು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ಈ ಹೆಂಗಸು ತಾನೇ ತೆರೆದಿಟ್ಟಿದ್ದಳು.

"ಅವಳನ್ನ ಕೇಳ್ಕೊಂಡೇ ಬಂದಿದೀನಿ. ಹೇಳಮ್ಮಾ ಅಂದ್ಲು. ನೂರಕ್ಕೆ ನೂರು ಅಂತ ಬರೆದಿದೀರಲ್ಲ, ಅದರಲ್ಲಿ ನನ್ನ ಮಗಳನ್ನ ಎಲ್ಲಿಟ್ರಿ ಸರ್? ಬರುತ್ತೆ ಅಂತ ಎಣಿಸಿದ್ರಾ? ಇಲ್ಲ, ಎಣಿಸಲೇ ಇಲ್ವಾ?"

ಹೆಡ್ಮಾಸ್ಟರು ಕೈಯಲ್ಲಿದ್ದ ರಿಮೋಟನ್ನು ತಿರುಗಿಸಿ ನೋಡಿದರು, ಉತ್ತರ ಅದರ ಹಿಂದೆ ಬರೆದಿದೆಯೇನೋ ಎಂಬಂತೆ. "ಅದು ಒಂದು ಅಂದಾಜು" ಎಂದರು ಕೊನೆಗೆ.

"ನನ್ನ ಮಗಳು ಅಂದಾಜಲ್ಲ" ಎಂದು ಹೇಳಿ ಆಕೆ ಕುಳಿತಳು.

ಅಲ್ಲಿಂದ ಸಭೆ ಹೆಡ್ಮಾಸ್ಟರ ಕೈಯಲ್ಲಿ ನಿಲ್ಲಲಿಲ್ಲ. ಆರನೇ ತರಗತಿಯದೆಷ್ಟು, ಐದನೆಯದೆಷ್ಟು, ಗಣಿತದ್ದು ಯಾಕೆ ತಿಳಿಸುವುದಿಲ್ಲ ಎಂದು ಮನೆಯವರು ಒಬ್ಬರಾದ ಮೇಲೊಬ್ಬರು ಕೇಳಿದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಹೆಡ್ಮಾಸ್ಟರಿಗೆ ಸುಲಭವಾಗುತ್ತಿತ್ತೇನೋ.

ನಾಲ್ಕನೆಯ ದಿನ ಟೀಚರಿಗೆ ನೋಟಿಸ್ ಬಂತು. ತರಗತಿಯ ಸಮಯದಲ್ಲಿ ಮಕ್ಕಳಿಂದ ಶಾಲೆಯ ಗೌರವಕ್ಕೆ ಧಕ್ಕೆ ತರುವ ಬರಹ ಬರೆಸಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದಲ್ಲಿ ವಿವರಣೆ ಕೊಡಿ. ಆಕೆ ಮನೆಗೆ ಬಂದು ಉತ್ತರ ಬರೆಯಲು ಕುಳಿತಳು. ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು.

"'ವಿನಮ್ರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ'? ಹೊಡೆದುಹಾಕು ಅದನ್ನ."

"ಅದು ಮರ್ಯಾದೆಗೆ ಬರೆಯೋದು ಅಕ್ಕ."

"ಯಾರ ಮರ್ಯಾದೆಗೆ? ನೀನು ಕದ್ದಿದೀಯಾ? ಕದ್ದವರು ವಿನಮ್ರವಾಗಿರಲಿ."

ಉತ್ತರ ನಾಲ್ಕೇ ಸಾಲಿನದಾಯಿತು. ಮಕ್ಕಳು ಬರೆದದ್ದು ಇಂಗ್ಲಿಷ್ ಪಾಠ. ಬರೆದ ಪ್ರತಿ ಮಾತೂ ನಿಜ. ತಮ್ಮ ಮಗು ಏನು ಕಲಿತಿದೆ, ಏನು ಕಲಿತಿಲ್ಲ ಎಂದು ತಿಳಿಯುವ ಹಕ್ಕು ಮನೆಯವರದು; ತಿಳಿಸುವುದನ್ನು ನಾನು ನಿಲ್ಲಿಸುವುದಿಲ್ಲ. ಅದನ್ನು ಆಫೀಸಿಗೆ ಕೊಟ್ಟಳು. ಶುಕ್ರವಾರ ಬೋರ್ಡಿನ ಮೇಲೆ ಮಕ್ಕಳ ವಾಕ್ಯಗಳ ಕೊನೆಗೆ ತಾನೂ ಒಂದು ವಾಕ್ಯ ಸೇರಿಸಿದಳು: ಈ ವಾರ ನಮ್ಮ ಟೀಚರಿಗೆ ನೋಟಿಸ್ ಬಂತು, ಅವರು ಉತ್ತರ ಕೊಟ್ಟರು. ತರಗತಿಯಲ್ಲಿ ನಡೆದದ್ದನ್ನೆಲ್ಲ ಮನೆಗೆ ತಿಳಿಸಬೇಕು ಎಂದ ಮೇಲೆ ಇದೊಂದನ್ನು ಬಿಡುವುದು ಹೇಗೆ?

ಸ್ಟಾಫ್ ರೂಮಿನಲ್ಲಿ ಕೆಲವರು ಆಕೆಯ ಪಕ್ಕದ ಕುರ್ಚಿಯನ್ನು ಖಾಲಿ ಬಿಡತೊಡಗಿದರು. ಒಂದು ದಿನ ಗಣಿತದ ಮೇಷ್ಟ್ರು ಬಂದು ಅದರಲ್ಲಿ ಕುಳಿತು, ಪೇಪರ್ ಓದುತ್ತಲೇ, "ನಾನೂ ಒಂದು ಪತ್ರ ಬರೆಸಿದೆ ಮೇಡಂ, ಭಿನ್ನರಾಶಿ ಬಗ್ಗೆ. ಯಾರಿಗೂ ಹೇಳ್ಬೇಡಿ" ಎಂದರು.

"ಮನೆಯವರಿಗೆ ಹೇಳಿದೀರಲ್ಲ, ಸಾಕು" ಎಂದಳು ಟೀಚರ್.

ಆಡಳಿತ ಮಂಡಳಿ ಎರಡು ಸಲ ಸೇರಿತು. ನೋಟಿಸಿನ ಸುದ್ದಿ ಓದಿದ ಮನೆಯವರು ಟೀಚರ ಪರವಾಗಿ ಸಹಿ ಮಾಡಿ ಕೊಟ್ಟ ಅರ್ಜಿ ಮುಂದಿರುವಾಗ ಆಕೆಯನ್ನು ಕೆಲಸದಿಂದ ತೆಗೆಯುವ ಧೈರ್ಯ ಬರಲಿಲ್ಲ. ಸುಮ್ಮನೆ ಬಿಡುವ ಮನಸ್ಸೂ ಆಗಲಿಲ್ಲ. ಬರುವ ವರ್ಷದಿಂದ ಏಳನೇ ತರಗತಿ ಬೇಡ, ಅದೇ ಆವರಣದ ಪ್ರೈಮರಿ ಕಟ್ಟಡದಲ್ಲಿ ಮೂರನೇ ತರಗತಿಗೆ ಹೋಗಲಿ ಎಂದು ತೀರ್ಮಾನವಾಯಿತು. ಇಪ್ಪತ್ತೆಂಟು ವರ್ಷ ಅನುಭವದ ಟೀಚರಿಗೆ ಇದು ಅವಮಾನ ಎಂದು ಎಲ್ಲರೂ ಅಂದುಕೊಂಡರು. ಆಕೆಯೂ ಆದೇಶ ಹಿಡಿದು ಮನೆಗೆ ಬರುವಾಗ ದಾರಿಯಲ್ಲಿ ಎರಡು ಸಲ ಕಣ್ಣೊರೆಸಿಕೊಂಡಳು.

ಅಕ್ಕ ಆದೇಶ ಓದಿ ಜೋರಾಗಿ ನಕ್ಕಳು.

"ಇವರಿಗೆ ಶಿಕ್ಷೆ ಕೊಡೋಕೂ ಬರಲ್ಲ ಕಣೇ. ಮಕ್ಕಳು ಓದು ಬಿಟ್ಟು ಬಾಯಿಪಾಠ ಹಿಡಿಯೋದೇ ಮೂರನೇ ಕ್ಲಾಸಲ್ಲಿ ಅಂತ ನೀನೇ ಹೇಳ್ತಿದ್ದೆ. ನಿನ್ನನ್ನ ಬುಡಕ್ಕೇ ಕಳಿಸ್ತಿದಾರೆ. ಹೋಗು, ಹೋಗು."

ವರ್ಷದ ಕೊನೆಯ ವಾರ ಆಕೆ ಮಕ್ಕಳಿಂದ ಬರೆಸಲಿಲ್ಲ. ಸುತ್ತೋಲೆಯನ್ನು ಲೆಕ್ಕಿಸದೆ, ತಾನೇ ಬರೆದು, ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ನಲವತ್ತೊಂದು ಪ್ರತಿ ಮಾಡಿಸಿ, ಹೆಡ್ಮಾಸ್ಟರು ನೋಡುತ್ತಿರುವಾಗಲೇ ಗೇಟಿನಲ್ಲಿ ನಿಂತು ಹಂಚಿದಳು. ಕೊನೆಯ ಪ್ಯಾರಾ ಹೀಗಿತ್ತು: 'ಹದಿನೇಳರಲ್ಲಿ ಹದಿಮೂರು ಮಕ್ಕಳು ಈಗ ಓದುತ್ತಾರೆ. ನಾಲ್ಕು ಮಕ್ಕಳಿಗೆ ಇನ್ನೂ ಬರುವುದಿಲ್ಲ. ತಪ್ಪು ಅವರದಲ್ಲ. ಅವರ ಮಟ್ಟಿಗೆ ನಾನು ಸೋತೆ.' ಬೇರೆಯವರು ಹೇಳಿದ ಸುಳ್ಳನ್ನು ಬಯಲಿಗೆಳೆದ ಮೇಲೆ ತನ್ನ ಸೋಲನ್ನು ಮುಚ್ಚಿಡುವುದು ಆಕೆಗೆ ಆಗದ ಮಾತು. ಆ ನಾಲ್ವರಲ್ಲಿ ಮೂಲೆರಾಣಿಯೂ ಇದ್ದಳು.

ರಜೆ ಶುರುವಾದ ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಯಾರೋ ಬಾಗಿಲು ತಟ್ಟಿದರು. ಅಕ್ಕ ಬಾಗಿಲು ತೆರೆದಳು. ಲಾಂಡ್ರಿಯ ತಾಯಿ, ಜೊತೆಗೆ ಮಗಳು. ತಾಯಿಯ ಕೈಯಲ್ಲಿ ಆ ಕೊನೆಯ ಪತ್ರವಿತ್ತು.

"ಇದನ್ನ ವಾಪಸ್ ತಗೊಳ್ಳಿ ಮೇಡಂ."

"ಯಾಕಮ್ಮ? ಏನಾಯ್ತು?"

"ಸೋತೆ ಅಂತ ಬರೆದಿದೀರಲ್ಲ, ಯಾರನ್ನ ಕೇಳಿ ಬರೆದ್ರಿ?" ಆಕೆಯ ದನಿ ಮೊದಲ ದಿನ ಲಕೋಟೆ ಬಡಿದಾಗಿನಷ್ಟೇ ಬಿಸಿಯಾಗಿತ್ತು. "ಒಂದು ವರ್ಷ ಹಬೆ ಮುಂದೆ ನಿಂತು ಬಂದು, ಕಾಲು ಸೋತರೂ ದಿನಾ ಇವಳ ಪಕ್ಕ ಕೂತೆ. ಇವಳೂ ಕೂತಳು. ನಾವಿಬ್ರೂ ಸೋತಿಲ್ಲ. ನೀವೊಬ್ರೇ ಹೆಂಗೆ ಸೋಲ್ತೀರಿ? ಕ್ಲಾಸ್ ಮುಗಿದಿರಬಹುದು, ನಮ್ಮ ಕೆಲಸ ಮುಗಿದಿಲ್ಲ. ರಜಾ ಪೂರ್ತಿ ಇವಳು ಬೆಳಿಗ್ಗೆ ನಿಮ್ಮ ಮನೆಗೆ ಬರ್ತಾಳೆ. ಬೇಡ ಅಂದ್ರೂ ಬರ್ತಾಳೆ."

"ಬೇಡ ಅನ್ನೋರು ಯಾರೂ ಇಲ್ಲ ಇಲ್ಲಿ" ಎಂದು ಅಕ್ಕ ಟೀಚರಿಗಿಂತ ಮೊದಲೇ ಹೇಳಿ ಕುರ್ಚಿ ಎಳೆದಳು. "ಕೂತ್ಕೋ ಮಗು. ನಿನ್ನ ಅಮ್ಮನಂಥವರು ನಮ್ಮ ಅಂಚೆ ಕಚೇರೀಲಿ ಇದ್ದಿದ್ರೆ ಒಂದು ಕಾಗದಾನೂ ಕಳೆದುಹೋಗ್ತಿರಲಿಲ್ಲ."

ಹುಡುಗಿ ಬಂದಳು. ಮರುದಿನವೂ ಬಂದಳು. ಟೀಚರ್ ಪುಸ್ತಕಗಳನ್ನು ಪಕ್ಕಕ್ಕಿಟ್ಟು, ಬಾಯಿಪಾಠಕ್ಕೆ ದಾರಿಯೇ ಇಲ್ಲದ ಹಾಗೆ ದಿನಾ ಹೊಸ ಸಾಲು ಬರೆದುಕೊಟ್ಟಳು. ಅಕ್ಷರಗಳ ಸದ್ದಿನಿಂದ ಶುರುಮಾಡಿದರು, ನಾಚಿಕೆಯಿಲ್ಲದೆ, ಒಂದನೇ ತರಗತಿಯ ಮಕ್ಕಳ ಹಾಗೆ. ಮೂರನೆಯ ವಾರ ಹುಡುಗಿ ಸಿಟ್ಟಿನಿಂದ ಪೆನ್ಸಿಲ್ ಮುರಿದಳು. ಟೀಚರ್ ಇನ್ನೊಂದು ಪೆನ್ಸಿಲ್ ಕೊಟ್ಟಳು. ಐದನೆಯ ವಾರ, ತಾಯಿ ಸೋಫಾದ ತುದಿಯಲ್ಲಿ ಕುಳಿತು ನೋಡುತ್ತಿರುವಾಗ, ಅವಳು ಹಿಂದೆಂದೂ ಕಾಣದ ಒಂದು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹನ್ನೊಂದು ನಿಮಿಷ ಹಿಡಿಯಿತು. ಎರಡು ಪದ ತಪ್ಪಾದವು. ಒಂದನ್ನು ತಾನೇ ತಿದ್ದಿಕೊಂಡಳು. ತಾಯಿ ಎದ್ದು ಮಗಳ ತಲೆಯ ಮೇಲೆ ಕೈಯಿಟ್ಟು, ಶಿಫ್ಟಿಗೆ ಹೊತ್ತಾಯಿತೆಂದು ಹೊರಟಳು. ಮೆಟ್ಟಿಲಿಳಿಯುವಾಗ ಆಕೆಯ ಹೆಜ್ಜೆ ಓಟದ ಹಾಗೆ ಕೇಳಿಸಿತು.

ಉಳಿದ ಮೂವರ ಮನೆಗಳಿಗೆ ಟೀಚರ್ ಅದೇ ದಿನ ಹೋದಳು. ಇಬ್ಬರು ಮರುದಿನದಿಂದ ಬಂದರು. ಒಬ್ಬನ ಮನೆಯವರು ಊರು ಬಿಟ್ಟು ಹೋಗಿದ್ದರು.

ಶಾಲೆ ತೆರೆಯಿತು. ರಸ್ತೆಯಾಚೆಯ ಗಾಜಿನ ಶಾಲೆಗೆ ಆ ವರ್ಷ ಹೋದವರು ಐದು ಮಕ್ಕಳು. ಬೀಗ ಬೀಳಲಿಲ್ಲ. ಫುಲ್‌ಸ್ಟಾಪ್ ಟೀಚರ್ ಪ್ರೈಮರಿ ಕಟ್ಟಡದಲ್ಲಿ, ಮೊಣಕಾಲಿಗಿಂತ ತಗ್ಗಾದ ಕುರ್ಚಿಗಳ ನಡುವೆ, ಮೂವತ್ತಾರು ಪುಟ್ಟ ಮಕ್ಕಳಿಂದ ಓದಿಸಿ ಕೇಳಿದಳು. ಶುಕ್ರವಾರ ಮಧ್ಯಾಹ್ನ ಹೆಡ್ಮಾಸ್ಟರು ಆ ವರಾಂಡದಲ್ಲಿ ಹಾದುಹೋಗುವಾಗ ಕಿಟಕಿಯ ಬಳಿ ನಿಂತರು. ಬೋರ್ಡಿನ ಮೇಲೆ ಮೂರು ವಾಕ್ಯ ಇದ್ದವು. ಮಕ್ಕಳು ನಾಲಿಗೆ ಹೊರಗಿಟ್ಟುಕೊಂಡು ಬರೆಯುತ್ತಿದ್ದರು.

"ಮತ್ತೆ ಶುರು ಮಾಡಿದ್ರಾ ಮೇಡಂ?"

"ಹೌದು ಸರ್" ಎಂದಳು ಆಕೆ, ಚಾಕ್‌ಪೀಸ್ ಕೆಳಗಿಡದೆ. "ಇಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಬರಲ್ಲ. ಇವತ್ತು ಸಂಜೆ ಮನೆಯವರಿಗೆಲ್ಲ ಗೊತ್ತಾಗುತ್ತೆ."

ಅವರು ಬಾಯಿ ತೆರೆದರು. ಆಕೆ ಕಾಯಲಿಲ್ಲ. ಮಕ್ಕಳ ಕಡೆ ತಿರುಗಿ ನಾಲ್ಕನೆಯ ವಾಕ್ಯ ಯಾರು ಹೇಳುತ್ತೀರಿ ಎಂದು ಕೇಳಿದಳು.